ಭಟ್ಟರ ಕಾಲು ಬಿಡಿಸಿದ ದುರ್ಗಮ್ಮ

ಬ್ಯಾಕೋಡಿನ ಕಡೆಯ ದುರ್ಗಮ್ಮನ ಮನೆ, ಗದ್ದೆ ಎರಡೂ ಶರಾವತಿ ಅಣೆಕಟ್ಟಿನ ಮುಳುಗಡೆಯ ಪಟ್ಟಿಗೆ ಸೇರಿದವು. ೧೯೬೨ರಲ್ಲಿ ಅವಳ ಗಂಡ ಕನ್ನಪ್ಪ ಅದೇ ಅಣೆಕಟ್ಟಿಗೆ ಕಲ್ಲು ಹೊರಲು ಹೋದ. ಅವಳಿಗೆ ಕಾರ್ಗಲ್ಲಿನಲ್ಲಿ ಅಧಿಕಾರಿಗಳ ಕ್ಲಬ್ಬೊಂದರಲ್ಲಿ ಕಸ ಗುಡಿಸುವ ಕೆಲಸವಾಯಿತು. ತಮ್ಮ ಮನೆ ಮುಳುಗಿಸುವ ಕಡೆಯೇ ಗಂಡಹೆಂಡಿರಿಬ್ಬರಿಗೂ ಕೆಲಸ ಸಿಕ್ಕಿದ್ದನ್ನು ನೆಂಟರು ಅದೃಷ್ಟ ಎಂದರು.

ಅದೇ ವರ್ಷ ಕ್ಲಬ್ಬಿನಲ್ಲಿ ಬೆಳಗಿನ ಯೋಗ ತರಗತಿ ಶುರುವಾಯಿತು. ಕಲಿಸಲು ಬಂದವರು ಹೊಸನಗರದ ವೆಂಕಟ್ರಮಣ ಭಟ್ಟರು, ಗುರುವಿನ ಬಳಿ ಹನ್ನೆರಡು ವರ್ಷ ಹಠಯೋಗ ಕಲಿತವರು. "ಮೈ ಬಗ್ಗಿಸೋದು ಆಮೇಲೆ. ಮೊದಲು ಯಮ, ನಿಯಮ" ಎಂದು ಅವರು ಅಹಿಂಸೆ, ಸತ್ಯ, ಕದಿಯದಿರುವ ಅಸ್ತೇಯ ಎಲ್ಲವನ್ನೂ ವಿವರಿಸಿದರು. ಅಪರಿಗ್ರಹವೆಂದರೆ ತನ್ನದೆಂದು ಏನನ್ನೂ ಇಟ್ಟುಕೊಳ್ಳದಿರುವುದು ಎಂದಾಗ ಇಂಜಿನಿಯರುಗಳು ಗಂಭೀರವಾಗಿ ತಲೆಯಾಡಿಸಿದರು. ಬಾಗಿಲ ಬಳಿ ನಿಂತು ಕೇಳಿಸಿಕೊಂಡ ದುರ್ಗಮ್ಮ ಮನೆಗೆ ಹೋಗಿ ಗಂಡನಿಗೆ ಹೇಳಿದಳು: "ಅದೊಂದನ್ನ ನಮ್ ಕೈಲಿ ಸರ್ಕಾರನೇ ಮಾಡಿಸ್ತು ಮಾರಾಯ್ರೆ."

ಅಧಿಕಾರಿಗಳಿಗೆ ಬೇಗ ಒಲಿದದ್ದು ಶವಾಸನ. ಕ್ಲಬ್ಬಿನ ಕಾರ್ಯದರ್ಶಿ ಮಂಜುನಾಥಪ್ಪನವರು ಅದರಲ್ಲಿ ಗೊರಕೆಯವರೆಗೂ ಮುಂದುವರಿದಿದ್ದರು. ಅವರೆಲ್ಲ ಹೋದ ಮೇಲೆ ದುರ್ಗಮ್ಮ ಜಮಖಾನೆ ಮಡಚುವ ಮೊದಲು ಬಾಗಿಲು ಹಾಕಿಕೊಂಡು, ನೋಡಿದ್ದನ್ನು ಮಾಡಿ ನೋಡುತ್ತಿದ್ದಳು. ಬಗ್ಗಿ ಗುಡಿಸಿ ಹಿಡಿದುಕೊಂಡಿದ್ದ ಸೊಂಟ ಭುಜಂಗಾಸನದಲ್ಲಿ ಸಡಿಲವಾಯಿತು. ಉಸಿರು ತಡೆದು ನಿಲ್ಲಿಸುವ ಕುಂಭಕ, ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕಿ ಬೆಳೆದವಳಿಗೆ ಹೊಸದಲ್ಲ. ಹೊಸದೆಂದರೆ ಬಿಡುವ ರೀತಿ: ಎಳೆದುಕೊಂಡ ಹೊತ್ತಿನ ಎರಡರಷ್ಟು, ಮೆಲ್ಲಗೆ. ಹಾಗೆ ಬಿಡುವಾಗ ಮನಸ್ಸಿನೊಳಗಿನ ಗಲಾಟೆ ತಗ್ಗುವುದನ್ನು ಕಂಡು ಮೊದಮೊದಲು ಹೆದರಿದಳು. ಆಮೇಲೆ ರುಚಿ ಹತ್ತಿತು.

ಮರುವರ್ಷ ಹಿರಿಯ ಅಧಿಕಾರಿಯೊಬ್ಬರ ಭೇಟಿಗೆಂದು ಪ್ರದರ್ಶನ ಏರ್ಪಟ್ಟಿತು. ಭಟ್ಟರು ಅಂಗಾತ ಮಲಗಿ, ಎರಡೂ ಕಾಲನ್ನು ಕುತ್ತಿಗೆಯ ಹಿಂದೆ ಸಿಕ್ಕಿಸಿ, ಬೆನ್ನಡಿಗೆ ಕೈ ಬೆಸೆದು ಯೋಗನಿದ್ರಾಸನ ಹಾಕಿದರು. "ಈ ಸ್ಥಿತಿಯಲ್ಲಿ ಚಿತ್ತದ ಅಲೆಗಳೆಲ್ಲ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. "ಸಮಾಧಿ!" ಎಂದು ಮಂಜುನಾಥಪ್ಪನವರು ಪಿಸುಗುಟ್ಟಿದರು. ಯಾರೋ ಊದುಬತ್ತಿ ಹಚ್ಚಿದರು. ಇಂಜಿನಿಯರೊಬ್ಬರ ಹೆಂಡತಿ ಪುಷ್ಪಮ್ಮ ಕೈಮುಗಿದರು.

ಬಾಗಿಲ ಬಳಿ ನಿಂತಿದ್ದ ದುರ್ಗಮ್ಮನಿಗೆ ಕಂಡದ್ದು ಕತ್ತಿನ ನರ ಉಬ್ಬಿದ್ದು, ಕಾಲ್ಬೆರಳು ನೀಲಿಗಟ್ಟಿದ್ದು. ಪೊರಕೆ ಎಸೆದು ಒಳಗೆ ನುಗ್ಗಿದಳು.

"ಏಯ್, ಮುಟ್ಟಬೇಡ! ಸಮಾಧಿಯಲ್ಲಿದಾರೆ" ಎಂದರು ಮಂಜುನಾಥಪ್ಪನವರು.

"ಸಮಾಧಿ ಎಂತದೂ ಅಲ್ಲ ಸ್ವಾಮಿ. ಸಿಕ್ಕಾಕ್ಕೊಂಡಿದಾರೆ."

ಭಟ್ಟರ ಕಿವಿಯ ಬಳಿ ಕೂತು, "ಅಯ್ಯಾ, ಉಸ್ರು ಬಿಡಿ. ಮೆಲ್ಲಗೆ. ಇನ್ನೂ ಬಿಡಿ" ಎನ್ನುತ್ತ ಮೊದಲು ಕೈಬೆರಳು, ಆಮೇಲೆ ಮೇಲಿನ ಕಾಲು, ಕೊನೆಗೆ ಕೆಳಗಿನದನ್ನು ಬಿಡಿಸಿದಳು.

"ಇದು ನಿನಗೆ ಹೇಗೆ ಗೊತ್ತು?" ಕಣ್ಣಲ್ಲಿ ನೀರು ತುಂಬಿಕೊಂಡೇ ಭಟ್ಟರು ಕೇಳಿದರು.

"ನಾನೂ ಒಂದ್ಸಲ ಹಿಂಗೇ ಸಿಕ್ಕಾಕ್ಕೊಂಡಿದ್ದೆ. ಬಿಡ್ಸೋಕೆ ಯಾರೂ ಇರ್ಲಿಲ್ಲ."

ಸತ್ಯ ನುಡಿದ ಫಲ ಮೂರನೇ ದಿನಕ್ಕೇ ಕೈಸೇರಿತು. ಕ್ಲಬ್ಬಿನ ಜಮಖಾನೆಯ ಮೇಲೆ, ಅನುಮತಿಯಿಲ್ಲದೆ ಯೋಗಾಸನಗಳನ್ನು ಕಲಿತಿರುವುದು ಅಸ್ತೇಯಕ್ಕೆ ವಿರುದ್ಧವೆಂದೂ, ಸಮಜಾಯಿಷಿ ಕೊಡತಕ್ಕದ್ದೆಂದೂ ಕಾರ್ಯದರ್ಶಿಗಳ ಮೆಮೊ. ಓದಲು ಬಾರದ ದುರ್ಗಮ್ಮ ಅದನ್ನು ಭಟ್ಟರ ಬಳಿ ಒಯ್ದು ಓದಿಸಿಕೊಂಡಳು.

"ಕದ್ದದ್ದು ಅಂದ್ಮೇಲೆ ವಾಪಸ್ ಕೊಡ್ಬೇಕಲ್ಲ ಅಯ್ಯಾ. ಹೆಂಗೆ ಕೊಡ್ಲಿ?"

ಭಟ್ಟರು ನಕ್ಕರು; ನಕ್ಕದ್ದಕ್ಕೆ ಬೆನ್ನು ನೋಯಿತು. "ಕಲಿತಿದ್ದಾಳೆ ಅಂತ ಕಾಗದದಲ್ಲಿ ಬರೆಸಿಕೊಂಡವಳು ಈ ಕ್ಲಬ್ಬಲ್ಲಿ ನೀನೊಬ್ಬಳೇ ಕಣೆ" ಎಂದರು. ಆಮೇಲೆ, ವರ್ಷವಿಡೀ ಸತ್ಯವನ್ನು ಬೋಧಿಸಿದ ಅವರು, 'ಇವಳಿಗೆ ನಾನೇ ಹೇಳಿಕೊಟ್ಟೆ' ಎಂದು ಶುದ್ಧ ಸುಳ್ಳು ಬರೆದು ಸಹಿ ಹಾಕಿದರು. ದುರ್ಗಮ್ಮನ ಕೆಲಸ ಉಳಿಯಿತು. ಬೆನ್ನು ಕೆಟ್ಟ ಭಟ್ಟರು ಹೊಸನಗರಕ್ಕೆ ಹೋದವರು ತಿರುಗಿ ಬರಲಿಲ್ಲ, ತರಗತಿ ನಿಂತಿತು.

ಆ ಮಳೆಗಾಲದಲ್ಲಿ ಪುಷ್ಪಮ್ಮನಿಗೆ ದಮ್ಮು ಜೋರಾಯಿತು. ಅವರು ದುರ್ಗಮ್ಮನನ್ನು ಹಿತ್ತಿಲ ಬಾಗಿಲಿಂದ ಕರೆಸಿಕೊಂಡು ಹೇಳಿದರು: "ಆ ಉಸಿರಾಟ ನಂಗೂ ಹೇಳಿಕೊಡು. ಪೊರಕೆ ಹಿಡ್ಕೊಂಡೇ ಬಾ. ಯಾರಾದ್ರೂ ಕೇಳಿದ್ರೆ ಗುಡಿಸೋಕೆ ಬಂದೆ ಅನ್ನು."

ಎರಡು ತಿಂಗಳಲ್ಲಿ ಪುಷ್ಪಮ್ಮನಿಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರೂ ಕರೆಯತೊಡಗಿದರು. ಅಧಿಕಾರಿಗಳ ಕಾಲೊನಿಯಲ್ಲಿ ಅಷ್ಟು ಸಲ ಗುಡಿಸಿದ ಮನೆಗಳು ಬೇರೆ ಇರಲಿಲ್ಲ. ಕೊನೆಗೆ ಸೊಂಟ ಹಿಡಿದುಕೊಂಡ ಮಂಜುನಾಥಪ್ಪನವರೂ ಹೇಳಿಕಳಿಸಿದರು. ಅವರನ್ನು ಮಾತ್ರ ದುರ್ಗಮ್ಮ ಮೂರು ವಾರ ಶವಾಸನಕ್ಕೆ ಮಲಗಲು ಬಿಡಲಿಲ್ಲ.

ಅಣೆಕಟ್ಟು ಮುಗಿಯಿತು. ಅಧಿಕಾರಿಗಳು ವರ್ಗವಾಗಿ ಹೋದರು, ಕ್ಲಬ್ಬು ಮುಚ್ಚಿತು. ದುರ್ಗಮ್ಮ, ಕನ್ನಪ್ಪ ಮುಳುಗಿದ್ದಕ್ಕೆ ಬದಲಾಗಿ ಹೊಸನಗರದ ಆಚೆ ಸಿಕ್ಕ ನೆಲಕ್ಕೆ ಹೋಗಿ ಬೇಸಾಯ ಹೂಡಿದರು. ೧೯೬೮ರ ಒಂದು ಬೆಳಿಗ್ಗೆ ಭಟ್ಟರ ಇಬ್ಬರು ಹೆಣ್ಣುಮಕ್ಕಳು ಬಸ್ಸಿಳಿದು ಅವಳ ಗದ್ದೆಯ ಅಂಚಿಗೆ ಬಂದು ನಿಂತರು.

"ಅಪ್ಪಯ್ಯನಿಗೆ ಈಗ ಪದ್ಮಾಸನವೂ ಆಗೋದಿಲ್ಲ. ನಿಮ್ಮ ಹತ್ರ ಕಲೀರಿ ಅಂತ ಕಳಿಸಿದಾರೆ" ಎಂದಳು ದೊಡ್ಡವಳು.

ದುರ್ಗಮ್ಮ ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು: "ತಿಂಡಿ ತಿಂದೇ ಬಂದ್ರಾ?"

"ಹೌದು, ದೋಸೆ."

"ಹೊಟ್ಟೆ ತುಂಬಿದ್ರೆ ಆಗಲ್ಲ. ಕರಗೋವರೆಗೂ ಕಳೆ ಕೀಳಿ" ಎಂದು ಇಬ್ಬರಿಗೂ ಒಂದೊಂದು ಸಾಲು ತೋರಿಸಿದಳು.