ಘಾಟಿನ ಮೆಟ್ಟಿಲ ಮೇಲೆ ಸಮುದ್ರದ ಮಾತು

ಎಂಬತ್ತರ ದಶಕದ ಕೊನೆಗೆ ಯಜಮಾನರನ್ನು ಬ್ಯಾಂಕಿನವರು ಔರಂಗಾಬಾದಿನಿಂದ ನಾಸಿಕಕ್ಕೆ ವರ್ಗ ಮಾಡಿದರು. ನಳದಲ್ಲಿ ಎರಡು ಹೊತ್ತು ನೀರು, ನಡೆದು ಹೋಗುವಷ್ಟು ಹತ್ತಿರ ಗೋದಾವರಿ. ದೇವರು ಯಾವುದಕ್ಕೂ ಕಮ್ಮಿ ಮಾಡಿರಲಿಲ್ಲ. ಒಂದೇ ಕೊರಗು: ನಾನು ಕಲಬುರ್ಗಿ ಕನ್ನಡದಲ್ಲಿ ಏನು ಕೇಳಿದರೂ ಮಗಳ ಉತ್ತರ ಮರಾಠಿಯಲ್ಲಿ. ನಾನು ಅವಳಿಗೆ ‘ಆಯೀ’. ಒಮ್ಮೆ ‘ಅವ್ವಾ’ ಎನ್ನಲಿ ಎಂದು ಶಿವನ ಮುಂದೆ ದಿನಾ ಬೇಡುತ್ತಿದ್ದೆ.

ಗೋವಾದಲ್ಲಿ ಸಮುದ್ರದ ನೀರು ಪರೀಕ್ಷಿಸುವ ಕೆಲಸದಲ್ಲಿದ್ದ ನನ್ನ ತಂಗಿ ರಜೆಗೆ ಬಂದಳು. ಸಂಜೆ ಅವಳನ್ನೂ ಮಗಳನ್ನೂ ಗೋದಾವರಿಯ ಸ್ನಾನಘಾಟಿಗೆ ಕರೆದೊಯ್ದೆ. ದೊನ್ನೆಯಲ್ಲಿ ದೀಪ ಬಿಟ್ಟರೆ ಅದು ಸ್ವಲ್ಪ ದೂರ ಹೋಗಿ, ಸುತ್ತಿ, ನನ್ನ ಕಾಲಿಗೇ ಬಂತು. ಬೇಡಿಕೆ ವಾಪಸು ಬಂದಂತೆ ಮನಸ್ಸು ಕೆಟ್ಟಿತು.

“ನಡು ಹೊಳಿ ಹರಿವು ತಿರುವಿ ಕಳಿಸ್ಯದ, ಅಕ್ಕಾ,” ಎಂದು ತಂಗಿ ನಕ್ಕಳು. “ಸಮುದ್ರದಾಗೂ ಹಿಂಗ. ದಂಡಿ ನೆಲ ಈ ಮೆಟ್ಟಿಲಿನಂಗ ನೀರಿನ ಕೆಳಗ ದೂರತನಕ ಚಾಚಿರ್ತದ. ಆಮ್ಯಾಲ ಒಮ್ಮಿಗೇ ಆಳ. ಮೆಟ್ಟಿಲ ಮ್ಯಾಲಿನ ನೀರು ಹ್ಯಾಂಗಿರಬೇಕಂತ ದೊಡ್ಡ ಸಮುದ್ರದ ಹರಿವು ಹೇಳ್ತದ. ಮಳಿಗಾಲದಾಗ ಆಳದ ತಣ್ಣೀರು ಮ್ಯಾಲ ಏರ್ತದ. ಮೀನು ಜಾಗಾ ಬಿಡ್ತಾವ.”

“ಯಾಕ ಬಿಡ್ತಾವ, ಚಿಗವ್ವಾ?”

ಕೇಳಿದ್ದು ನನ್ನ ಮಗಳು. ಅಚ್ಚ ಕನ್ನಡದಲ್ಲಿ.

“ಆ ನೀರಿನಾಗ ಉಸಿರು ಕಮ್ಮಿ. ಚಳಿಗಾಲಕ್ಕ ಹರಿವು ತಿರುಗ್ತದ, ಬಂಗಾಳದ ಕಡಿಂದ ಬೆಚ್ಚನ ನೀರು ಬರ್ತದ.”

ಪ್ರಶ್ನೆಯ ಮೇಲೆ ಪ್ರಶ್ನೆ, ಎಲ್ಲ ಕನ್ನಡ. ನಾನು ತೊಟ್ಟಿಲಲ್ಲಿ ಕಲಿಸಿದ ಮಾತು ಚಿಗವ್ವನ ಪಾಲಾಗಿತ್ತು. ಹೊಟ್ಟೆ ಉರಿಯಿತು.

“ಇಷ್ಟು ಕನ್ನಡ ಎಲ್ಲಿ ಮುಚ್ಚಿಟ್ಟಿದ್ದಿ?” ಎಂದೆ.

“ಮಾವಶೀಲಾ ಮರಾಠಿ ಯೇತ ನಾಹೀ, ಆಯೀ.” ಚಿಗವ್ವನಿಗೆ ಮರಾಠಿ ಬರುವುದಿಲ್ಲವಂತೆ. ನನಗೆ ಬರುತ್ತದಲ್ಲ, ಅದೇ ನನ್ನ ತಪ್ಪು.

ತಂಗಿ ಬಸ್ಸು ಹತ್ತಿದಾಗ ಮಗಳು ಅತ್ತಳು. ನನಗೆ ಒಳಗೊಳಗೇ ಹಗುರವಾಯಿತು. ಅಂದು ಸಂಜೆ ಇಬ್ಬರೇ ಘಾಟಿಗೆ ಹೋದೆವು. ದೀಪ ಮತ್ತೆ ತಿರುಗಿ ಬಂತು.

“ಅವ್ವಾ, ಇನ್ನೊಂದು ಮೆಟ್ಟಿಲ ಇಳದು ಬಿಡು. ಅಲ್ಲಿ ಹರಿವು ಸಿಗ್ತದ.”

ತಿರುಗಿ ಬಂದ ದೊನ್ನೆಯನ್ನು ಎತ್ತಿಕೊಂಡೆ.

“ಚಿಗವ್ವ ಹೇಳ್ಯಾಳ,” ಎಂದು ಸೇರಿಸಿದಳು.

ಅದೊಂದು ಮಾತು ಬಿಟ್ಟಿದ್ದರೆ ಆಗುತ್ತಿತ್ತು. ಆದರೂ ಶಿವ ಕೊಟ್ಟಷ್ಟು ಕೊಟ್ಟ. ಸೀರೆ ಎತ್ತಿ ಹಿಡಿದು ಒಂದು ಮೆಟ್ಟಿಲು ಇಳಿದೆ.