ಸ್ಕ್ರೂ ಇಲ್ಲದ ಡಬ್ಬಿ

ನಾನು ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿರುವ ಒಂದು ಪಾಠ ಕಳೆದ ಭಾನುವಾರ ನನ್ನ ಸ್ವಂತ ಅಕ್ಕನ ಉಸಿರಿಗೇ ಅಡ್ಡ ಬಂತು.

ನಿಮಗೆ ಗೊತ್ತಲ್ಲ, ನಾನು ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. (ಅಂಕಣ ಬರೆಯುವುದು ಚಟ.) ಅಕ್ಕ ಇರುವುದು ಮಾನ್ವಿಯಲ್ಲಿ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಅವಳಿಗೆ ದಮ್ಮು ಶುರು. ಮನೆಯಲ್ಲೊಂದು ನೆಬ್ಯುಲೈಜರ್ ಇದೆ. ಔಷಧಿಯನ್ನು ಮಂಜಿನ ಹಾಗೆ ಮಾಡಿ ಎದೆಗೆ ಇಳಿಸುವ ಪುಟ್ಟ ಯಂತ್ರ. ಅದು ಭಾನುವಾರ ಬೆಳಿಗ್ಗೆ ಕೆಟ್ಟಿತು.

"ತಮ್ಮಾ... ಮಷಿನ್ ಬಂದ್ ಬಿದ್ದದೋ..." ಅಕ್ಕನ ಫೋನು. ಒಂದೊಂದು ಮಾತಿಗೂ ಒಂದೊಂದು ಏದುಸಿರು.

ಸಿಕ್ಕ ಬಸ್ಸು ಹತ್ತಿದೆ. ಕಲ್ಮಲ ದಾಟಿದ ಮೇಲೆ ಸೀಟು ಖಾಲಿಯಾಯಿತು, ಕೂರಲು ಮನಸ್ಸಾಗಲಿಲ್ಲ. ನಾನು ತಲುಪುವಷ್ಟರಲ್ಲಿ ಭಾವ ಅವಳನ್ನು ಆಸ್ಪತ್ರೆಗೆ ಒಯ್ದು ಒಂದು ಸಲ ಔಷಧಿ ಹಿಡಿಸಿ ತಂದಿದ್ದರು. ಸಂಜೆ ಮತ್ತೆ ಬೇಕು, ಪ್ರತಿ ಸಲ ಆಸ್ಪತ್ರೆಗೆ ಹೊರಡುವ ತ್ರಾಣ ಅವಳಿಗಿಲ್ಲ.

ಕಂಪನಿಗೆ ಫೋನ್ ಮಾಡಿದೆ. "ಸರ್, ಆ ಮಾಡೆಲ್ ರಿಪೇರಿ ಆಗಲ್ಲ, ಹೊಸದು ತಗೊಳ್ಳಿ." ತಗೊಳ್ಳೋಣಪ್ಪಾ, ಎಲ್ಲಿ? ಒಂದು ಮೆಡಿಕಲ್ ಶಾಪ್ ಬಾಗಿಲು ಹಾಕಿತ್ತು. ಇನ್ನೊಂದರವರು, "ಆರ್ಡರ್ ಹಾಕ್ತೀವ್ರಿ, ಬುಧವಾರ ಬರ್ತದ" ಎಂದರು.

ಬುಧವಾರದ ತನಕ ಅಕ್ಕ ಉಸಿರು ಬಿಗಿಹಿಡಿದು ಕೂರಬೇಕೇ?

ಯಂತ್ರ ಹಿಡಿದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯವನು ನನ್ನನ್ನು ನೋಡಿ ಎದ್ದು ನಿಂತ. "ಬರ್ರಿ ಸರ. ನಾ ದೇವದುರ್ಗದ ಮೌನೇಶ. ನಿಮ್ಮ ಸ್ಟೂಡೆಂಟ್ ಇದ್ದೆ."

ಡಬ್ಬಿಯನ್ನು ಹಿಂದೆ ಮುಂದೆ ಹೊರಳಿಸಿದ. "ಸರ, ಇದಕ್ಕ ಸ್ಕ್ರೂನ ಇಲ್ಲಲ್ರೀ. ಬಿಚ್ಚಾಕ ಎಲ್ಲೂ ಹಾದಿನ ಇಟ್ಟಿಲ್ಲ. ಯಾವ ಪುಣ್ಯಾತ್ಮ ಮಾಡ್ಯಾನ್ರೀ ಇದನ್ನ?"

ಯಾವ ಪುಣ್ಯಾತ್ಮನೆಂದು ನನಗೆ ಗೊತ್ತಿತ್ತು. ನನ್ನಂಥವನ ಪಾಠ ಕೇಳಿದವನು! ಬಿಡಿಭಾಗ ಕಡಿಮೆ ಮಾಡಿ. ಸ್ಕ್ರೂ ತೆಗೆದುಹಾಕಿ, ತಿರುಗಿಸಲು ಹೊತ್ತು ಹಿಡಿಯುತ್ತದೆ. ಎರಡೇ ಚಿಪ್ಪು, ಒಂದರ ಕೊಕ್ಕೆ ಇನ್ನೊಂದಕ್ಕೆ ಟಕ್ ಎಂದು ಕೂರಲಿ, ರೋಬೋಟ್ ಒಂದೇ ಸಲಕ್ಕೆ ಒತ್ತಿಬಿಡುತ್ತದೆ. ಬೋರ್ಡಿನ ಮೇಲೆ ಇದನ್ನೆಲ್ಲ ಬರೆದು ಕೆಳಗೆ ಎರಡೆರಡು ಗೆರೆ ಎಳೆದವನು ನಾನೇ.

ಪಾಠ ಸುಳ್ಳಲ್ಲ. ವಸ್ತು ಅಗ್ಗವಾಗುವುದು ಹಾಗೆಯೇ, ಅಗ್ಗವಾದ್ದರಿಂದಲೇ ಅದು ಅಕ್ಕನ ಮನೆಗೂ ಬಂತು. ಆದರೆ ಮುಚ್ಚುವ ರೋಬೋಟನ್ನು ಅಷ್ಟು ಮುದ್ದು ಮಾಡಿ, ಮುಂದೆ ಅದನ್ನು ತೆರೆಯುವ ಮನುಷ್ಯನೊಬ್ಬ ಇದ್ದಾನೆಂಬುದನ್ನೇ ಮರೆತರೆ ಅದೆಂಥ ಜಾಣತನ? ಕಾರ್ಖಾನೆಯಲ್ಲಿ ಉಳಿತಾಯವಾಗುವುದು ಒಂದು ಕ್ಷಣ. ಥೂ, ಅದಕ್ಕಾಗಿ ಮಾನ್ವಿಯಲ್ಲೊಬ್ಬ ಹೆಂಗಸು ಏದುಸಿರು ಬಿಡಬೇಕು! ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅಕ್ಕ.

ಮೌನೇಶ ಹ್ಯಾಕ್ಸಾ ಬ್ಲೇಡಿನಿಂದ ಅಂಚನ್ನು ಕೊಯ್ಯತೊಡಗಿದ. ಒಳಗೆ ಕೆಟ್ಟಿದ್ದೇನು? ಒಂದು ವೈರಿನ ಬೆಸುಗೆ. ಅಷ್ಟೇ! ಬೆಸುಗೆ ಹಾಕಲು ಎರಡು ನಿಮಿಷ, ಅದರ ತನಕ ತಲುಪಲು ಮುಕ್ಕಾಲು ಗಂಟೆ. ಆಮೇಲೆ ಸೀಳಿದ ಚಿಪ್ಪಿನ ನಾಲ್ಕು ಮೂಲೆಗೆ ತೂತು ಕೊರೆದು ಸ್ಕ್ರೂ ಹಾಕಿದ. ಸ್ವಿಚ್ ಒತ್ತಿದ. ಯಂತ್ರ ಗುರ್ ಎಂದಿತು.

"ಸರ, ನಿಮಗ ನೆನಪದನ?" ಎಂದ, ಕೈ ಒರೆಸಿಕೊಳ್ಳುತ್ತ. "ಟೆಸ್ಟಿನ್ಯಾಗ ಒಂದು ಡಬ್ಬಿ ಚಿತ್ರ ಕೊಟ್ಟು, ಡಿಸೈನ್ ಸುಧಾರಿಸ್ರಿ ಅಂದಿದ್ರಿ. ನಾ ಇನ್ನೂ ಎರಡು ಸ್ಕ್ರೂ ಜಾಸ್ತಿ ಹಾಕಿ, 'ನಾಳಿ ಬಿಚ್ಚಾಕ ಬೇಕಾಗ್ತದ' ಅಂತ ಬರದಿದ್ದೆ. ನೀವು ಸೊನ್ನಿ ಕೊಟ್ರಿ. ಕ್ಲಾಸಿಗೆಲ್ಲ ತೋರಿಸಿ ನಕ್ಕಿದ್ರಿ."

ನೆನಪಿರಲಿಲ್ಲ. ನಕ್ಕವನಿಗೆ ಎಲ್ಲಿ ನೆನಪಿರುತ್ತದೆ?

"ಇರ್ಲಿ ಬಿಡ್ರಿ. ಲಗೂನ ಹೋಗ್ರಿ, ಅಕ್ಕಾರು ಕಾಯಾಕತ್ತಿರ್ತಾರ."

ಸಂಜೆ ಅಕ್ಕ ಮಾಸ್ಕ್ ಹಿಡಿದು ಕೂತಳು. ರಿಪೇರಿ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ ಎಂದೆ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು, ಮಾತೂ ಬಂತು. "ಛಲೋ ಹುಡುಗನ್ನ ತಯಾರ್ ಮಾಡೀದಿ ನೋಡ್ ತಮ್ಮಾ" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಾಳೆ ಮೊದಲ ಪೀರಿಯಡ್ ಮತ್ತೆ ಅದೇ ಪಾಠ. ಹೇಳಿ, ಮೌನೇಶನ ಆ ಸೊನ್ನೆಯನ್ನು ಈಗ ಯಾರ ಹೆಸರಿನ ಮುಂದೆ ಬರೆಯಲಿ?