ನಾಲ್ಕು ಕುಂಡಗಳ ಚರಗ

ಜೋರಾಪುರ ಪೇಟೆಯಲ್ಲಿ ನನ್ನ ಬಾಜೂ ಮನೆಯವರು ನಿವೃತ್ತ ಬಸ್ ಕಂಡಕ್ಟರ್. ತಿಕೋಟಾ ಬಸ್ಸಿನ ಸೀಟಿ ಇನ್ನೂ ಅವರ ಕೊರಳಲ್ಲೇ ಇತ್ತು. ನಸುಕಿನಲ್ಲಿ ನಳಕ್ಕೆ ನೀರು ಬಂದರೆ ಎರಡು ಸಲ ಊದುವರು, ನಿಂತರೆ ಒಂದು ಸಲ. ಈ ಕಾಟಕ್ಕೇ ನಾನು ಯಾರಿಗೂ ಹೇಳದೆ ಇಬ್ರಾಹಿಂಪುರದಲ್ಲಿ ಬೇರೆ ಮನೆ ಹಿಡಿದಿದ್ದೆ.

ಆ ವರ್ಷ ಅವರ ಕಾಲು ಮುರಿಯಿತು, ಅಡುಗೆಮನೆಯ ಗೋಡೆ ಬಿತ್ತು, ಸ್ಕೂಟರ್ ಕಳುವಾಯಿತು. ಪ್ರತಿ ಸಲವೂ ಒಂದೇ ಮಾತು: "ಇಷ್ಟಕ್ಕ ಮುಗೀತಲ್ಲ, ಪುಣ್ಯಾ ನಮ್ದು!"

ಎಳ್ಳ ಅಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ಹಬ್ಬದಡುಗೆಯ ಎಡೆಯನ್ನು ಚರಗವೆಂದು ಚೆಲ್ಲುತ್ತದೆ. ಹೊಲವಿಲ್ಲದ ಇವರು ಮಾಳಿಗೆ ಮೇಲಿನ ನಾಲ್ಕು ಹೂಕುಂಡಗಳಿಗೆ ಚೆಲ್ಲುತ್ತಿದ್ದರು. ಆ ಸಲ ನನ್ನನ್ನೂ ಊಟಕ್ಕೆ ಕರೆದರು. ಇವತ್ತೇ ಹೇಳಿಬಿಡೋಣವೆಂದು ಹೊಸ ಮನೆಯ ಕೀಲಿ ಕಿಸೆಯಲ್ಲಿಟ್ಟುಕೊಂಡೇ ಹೋದೆ.

ಕೋಲೂರಿ ನಿಂತ ಕಂಡಕ್ಟರು ಕಿವಿಯ ಮೇಲಿನ ಪೆನ್ನು ತೆಗೆದು, ಪ್ಯಾಸೆಂಜರ್ ಎಣಿಸಿದಂತೆ ಕುಂಡಗಳನ್ನು ಮುಟ್ಟುತ್ತ ಹೋದರು.

"ಒಂದ ಕಾಲಷ್ಟ ಮುರೀತು, ಪುಣ್ಯಾ!" ಮೊದಲ ಕುಂಡಕ್ಕೆ ಕಡಬಿನ ಚೂರು ಬಿತ್ತು.

"ಗ್ವಾಡಿ ಹೊರಗ ಬಿತ್ತು, ಒಳಗ ಬೀಳಲಿಲ್ಲ, ಪುಣ್ಯಾ!" ಎರಡನೆಯದಕ್ಕೆ.

"ಗಾಡ್ಯಾಗ ಪೆಟ್ರೋಲ ಇದ್ದಿದ್ದಿಲ್ಲ. ಕಳ್ಳ ದೂಡಕೊಂಡ ಹೋಗ್ಯಾನ, ಪುಣ್ಯಾ!" ಮೂರನೆಯದಕ್ಕೆ.

ನಾಲ್ಕನೆಯ ಕುಂಡಕ್ಕೆ ಬಂದಾಗ ಪೆನ್ನು ನನ್ನ ತಲೆ ಮುಟ್ಟಿತು. "ಇಷ್ಟೆಲ್ಲಾ ಆದ್ರೂ ನೀವು ಬಾಜೂಕ ಇದ್ರಿ ನೋಡ್ರಿ. ಪುಣ್ಯಾ ನಮ್ದು."

ಕಡಬು ಚೆಲ್ಲಿ ಎರಡು ಸಲ ಸೀಟಿ ಊದಿದರು. "ರೈಟ್! ಉಣ್ಣಾಕ ಕೂಡ್ರಿ!"

ನಾನು ಎಡಗೈಯಿಂದ ಕೀಲಿಯ ಕಿಸೆ ಮುಚ್ಚಿಕೊಂಡು, ಬಲಗೈಯಿಂದ ಕಡಬು ತೆಗೆದುಕೊಂಡೆ.